ಪಿಟಾಂಗ ರಾಯರು

ರಾಯರ ಜೇಬಿನಲ್ಲಿ ಹತ್ತು ರೂಪಾಯಿಯ ನಾಣ್ಯವೊಂದು ಸದಾ ಇರುತ್ತದೆ. ಖರ್ಚಿಗಲ್ಲ. ಖರ್ಚು ಮಾಡಲು ಹೊರಟರೂ ನಮ್ಮ ಬೀದಿಯ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ. ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕು ಸಾರಿ ಸಾರಿ ಹೇಳಿದರೂ "ನಡೆಯಲ್ಲ ಸಾರ್" ಎಂದು ವಾಪಸು ತಳ್ಳುತ್ತಾರೆ. ಹೀಗೆ ನಿರುದ್ಯೋಗಿಯಾಗಿದ್ದ ನಾಣ್ಯಕ್ಕೆ ರಾಯರು ತಮ್ಮ ತಾರಸಿಯ ಮೇಲೆ ಕೆಲಸ ಕೊಟ್ಟಿದ್ದಾರೆ. ಅದರ ಅಡ್ಡಳತೆ 27 ಮಿಲಿಮೀಟರ್. ಹಣ್ಣಿನ ಪಕ್ಕ ಅದನ್ನು ಹಿಡಿದು ಫೋಟೊ ತೆಗೆಯುತ್ತಾರೆ. ಹಣ್ಣು ನಾಣ್ಯವನ್ನು ಮೀರಿದರೆ, "ನೋಡಿ, ದೊಡ್ಡ ತಳಿ ಅಂದ್ರೆ ಇದು." ಮೀರದಿದ್ದರೆ, "ಈ ವರ್ಷ ಬಿಸಿಲು ಸಾಲದು." ಏಪ್ರಿಲ್ಲಿನಲ್ಲಿ ಬೆಂಗಳೂರು ಹೇಗೆ ಬೇಯುತ್ತದೆಂಬುದು ಬೀದಿಗೆಲ್ಲ ಗೊತ್ತು. ಆದರೂ ಯಾರೂ ಎದುರಾಡುವುದಿಲ್ಲ.

ಹಣ್ಣು ಯಾವುದೆಂದರೆ ಸುರಿನಾಮ್ ಚೆರ್ರಿ. ಕಾಶ್ಮೀರದ ಚೆರ್ರಿಗೂ ಇದಕ್ಕೂ ಕುಲಗೋತ್ರದ ಸಂಬಂಧವಿಲ್ಲ. ಇದು ನಮ್ಮ ನೇರಳೆ, ಸೀಬೆ, ಲವಂಗಗಳ ದಾಯಾದಿ. ತವರು ಬ್ರೆಜಿಲ್ ಮತ್ತು ಅದರ ಆಸುಪಾಸು. ಅಲ್ಲಿ ಇದು ಪಿಟಾಂಗ. ಎಂಟು ಉಬ್ಬುಗೆರೆ, ಚಪ್ಪಟೆ ಮೈ, ಮೊದಲು ಹಸಿರು, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಕೆಲವು ತಳಿಗಳು ಅಲ್ಲಿಗೂ ನಿಲ್ಲದೆ ಕಪ್ಪಿಗೆ ತಿರುಗುತ್ತವೆ. ಎದುರಿಗಿದ್ದವರು ಸುರಿನಾಮ್ ಚೆರ್ರಿ ಎಂದರೆ ರಾಯರು ಮೃದುವಾಗಿ ತಿದ್ದುತ್ತಾರೆ: "ಅದು ನರ್ಸರಿಯವರ ಭಾಷೆ. ನಾವು ಪಿಟಾಂಗ ಅಂತೀವಿ." ಈ 'ನಾವು' ಯಾರು ಎಂದು ಕೇಳಿದವರು ಮಧ್ಯಾಹ್ನದ ಊಟಕ್ಕೆ ಮನೆ ಸೇರಿದ್ದಿಲ್ಲ.

ಬೀಳ್ಕೊಡುಗೆಯ ಶಾಲನ್ನು ಬೀರುವಿನಲ್ಲಿಟ್ಟ ಮೇಲೆ ಕೆಲವರು ಗೀತಾಪ್ರವಚನಕ್ಕೆ ಹೋಗುತ್ತಾರೆ, ಕೆಲವರು ಷೇರುಪೇಟೆಗೆ ಇಳಿಯುತ್ತಾರೆ. ಮೂರನೆಯ ಪಂಗಡ ರಾಯರದು. ಇವರ ಲೆಕ್ಕದಲ್ಲಿ ಮಾವು ಹಲಸು ಬೆಳೆಯುವವನು ಬರೀ ರೈತ. ಡ್ರ್ಯಾಗನ್ ಫ್ರೂಟ್ ತಳ್ಳುಗಾಡಿಗೆ ಬಂದ ದಿನವೇ ಅದರ ಮರ್ಯಾದೆ ಹೋಯಿತು. ರಂಬುಟಾನ್ ಮಾಲ್‌ಗೆ ಬಂದಾಗ ಅದರ ಕೈಬಿಟ್ಟರು. ತಾರಸಿಗೆ ಹತ್ತುವ ಗಿಡಕ್ಕೆ ಮೂರು ಅರ್ಹತೆ ಬೇಕು: ಪಕ್ಕದ ಮನೆಯಲ್ಲಿ ಇರಬಾರದು, ಮಾರುಕಟ್ಟೆಯಲ್ಲಿ ಸಿಗಬಾರದು, ಬಂದ ನೆಂಟರ ನಾಲಿಗೆಗೆ ಹೆಸರು ಹೊರಳಬಾರದು. ಪಿಟಾಂಗ ಮೂರರಲ್ಲೂ ಪಾಸು. ಅದೂ ಸಾಲದೆಂದು ರಾಯರು ನಾಲ್ಕನೆಯದನ್ನು ಸೇರಿಸಿದರು: ದೊಡ್ಡದಾಗಿರಬೇಕು.

ರಾಯರ ಮನೆಗೆ ಯಾರೇ ಹೋಗಲಿ, ಲಗ್ನಪತ್ರಿಕೆ ಕೊಡಲು ಬಂದವರಿರಲಿ, ವಿಮೆಯವನಿರಲಿ, ಕಾಫಿ ಆಮೇಲೆ; ಮೊದಲು ತಾರಸಿ. ಮೂವತ್ತು ನಲವತ್ತು ಸೈಟಿನ ಮನೆ, ಕಡಿದಾದ ಮೆಟ್ಟಿಲು. ಮೇಲೆ ಹೋದರೆ ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ಮಾಡಿದ ಕುಂಡಗಳ ಸಾಲು. ಪ್ರತಿ ಗಿಡದ ಕೊರಳಿಗೂ ಒಂದೊಂದು ಪ್ಲಾಸ್ಟಿಕ್ ಚೀಟಿ. ಹತ್ತಿರ ಹೋಗಿ ನೋಡಿದರೆ ಅವು ಅವಧಿ ಮುಗಿದ ಎಟಿಎಂ ಕಾರ್ಡಿನ ತುಂಡುಗಳು; ಬ್ಯಾಂಕಿನಲ್ಲಿ ಸವೆದ ಜೀವ, ಏನನ್ನೂ ಬಿಸಾಡುವುದಿಲ್ಲ. ಒಂದು ಬದಿಯಲ್ಲಿ ಅರ್ಧ ಕಾರ್ಡ್ ನಂಬರು, ಇನ್ನೊಂದು ಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಜಿಲ್ ಡಾರ್ಕ್, ವರ್ಮಿಲಿಯನ್, ಲೋಲಿತಾ. ಎಲ್ಲ ಫ್ಲೋರಿಡಾದ ಹೆಸರುಗಳು. "ಲೋಲಿತಾ ಈ ಸಲ ಮೈತುಂಬಿಕೊಂಡಿದಾಳೆ" ಎಂದು ರಾಯರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡ ಎದುರುಮನೆಯ ಅಜ್ಜಿ ಎರಡು ದಿನ ಶ್ರೀಮತಿಯವರನ್ನು ಕನಿಕರದಿಂದ ಮಾತನಾಡಿಸಿದರಂತೆ.

ಗಾತ್ರದ ವಿಷಯಕ್ಕೆ ಬಂದರೆ ರಾಯರು ಪಾಠ ಮಾಡದೆ ಬಿಡುವವರಲ್ಲ, ಮತ್ತು ಪಾಠ ತಪ್ಪೂ ಅಲ್ಲ. ಈ ಹಣ್ಣಿನ ಅಡ್ಡಳತೆ ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್. ಬೀಜದಿಂದ ಎಬ್ಬಿಸಿದ ಗಿಡ ತಾಯಿಯನ್ನು ಹೋಲಲೇಬೇಕೆಂದಿಲ್ಲ. ಒಂದೇ ಹಣ್ಣಿನ ಬೀಜದ ಎರಡು ಸಸಿಗಳಲ್ಲಿ ಒಂದು ಉಂಡೆಗಾತ್ರ ಬಿಟ್ಟರೆ ಇನ್ನೊಂದು ಕಡಲೆಗಾತ್ರ ಬಿಡಬಹುದು. ಆದ್ದರಿಂದ ದೊಡ್ಡ ಹಣ್ಣು ಬೇಕೆನ್ನುವವನು ಕಸಿ ಗಿಡಕ್ಕೇ ಹೋಗಬೇಕು. ಕಪ್ಪು ಹಣ್ಣು ಸಿಹಿ ಹೆಚ್ಚು, ಕೆಂಪಿಗೆ ಸೊಗಡು ಹೆಚ್ಚು. ಆದರೆ ಬಣ್ಣಕ್ಕೂ ಗಾತ್ರಕ್ಕೂ ಒಪ್ಪಂದವಿಲ್ಲ. ಗಾತ್ರಕ್ಕೆ ಬೇಕಾದದ್ದು ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು, ನೀರು ನಿಲ್ಲದ ಮಣ್ಣು, ಕಾಯಿ ಊದುವ ಹೊತ್ತಿಗೆ ತಪ್ಪದ ತೇವ. ಆ ಹೊತ್ತಿನಲ್ಲಿ ಕುಂಡ ಒಣಗಿಸಿದರೆ ಎಂಥ ದೊಡ್ಡ ತಳಿಯೂ ಮುನಿಸಿಕೊಂಡು ಸಣ್ಣದನ್ನೇ ಕೊಡುತ್ತದೆ. ಹೀಗಾಗಿ ಕಾಯಿ ಕಚ್ಚಿದ ಮೇಲೆ ರಾಯರು ಊರು ಬಿಡುವುದಿಲ್ಲ. ಷಡ್ಡಕನ ಮಗನ ಮದುವೆಗೆ ಶ್ರೀಮತಿಯವರು ಒಬ್ಬರೇ ಶಿವಮೊಗ್ಗಕ್ಕೆ ಹೋಗಿಬಂದರು. "ಇವರಿಗೆ ಹುಷಾರಿಲ್ಲ" ಎಂದು ಅಲ್ಲಿ ಹೇಳಿದ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಕಸಿ ಎಂದ ಮೇಲೆ ಒಂದು ದುಃಖದ ಕಥೆ ಇದ್ದೇ ಇರಬೇಕು. ದೂರದ ನರ್ಸರಿಯೊಂದರಿಂದ 'ದೊಡ್ಡ ಹಣ್ಣಿನ ಕಪ್ಪು ಪಿಟಾಂಗ' ಎಂಬ ಕಸಿ ಸಸಿ ಬಂತು. ಆ ದುಡ್ಡಿಗೆ ಶ್ರೀಮತಿಯವರ ಮಿಕ್ಸಿ ರಿಪೇರಿಯಾಗಿ ಒಂದು ಕುಕ್ಕರೂ ಬರುತ್ತಿತ್ತು. ಪಿಟಾಂಗದ ಕೊಂಬೆ ತೆಳು, ಗಟ್ಟಿ. ಕಸಿ ಕೂರುವುದೇ ಕಷ್ಟ, ಕೂತರೂ ಬುಡದ ಗಿಡ ಸುಮ್ಮನಿರುವುದಿಲ್ಲ, ಕೆಳಗಿನಿಂದ ತನ್ನದೇ ಚಿಗುರು ನೂಕುತ್ತಿರುತ್ತದೆ. ಅದನ್ನು ಕಂಡಲ್ಲಿ ಕಿತ್ತೆಸೆಯಬೇಕು. ರಾಯರಿಗೆ ಇದು ಬಾಯಿಪಾಠ. ಆದರೆ ಪಿಟಾಂಗದ ಎಳೆಯ ಚಿಗುರು ತಾಮ್ರದ ಬಣ್ಣದ್ದು, ಬೆಳಗಿನ ಬಿಸಿಲಿಗೆ ಥಳಥಳ ಎನ್ನುತ್ತದೆ. ಕತ್ತರಿ ಹಿಡಿದು ಹೋದವರು ಫೋಟೊ ತೆಗೆದು ವಾಪಸು ಬಂದರು. ಮೇಲಿನ ಕಸಿಕಡ್ಡಿ ಸದ್ದಿಲ್ಲದೆ ಒಣಗಿತು. ಕೆಳಗಿನದು ಕೊಬ್ಬಿ ಬೆಳೆಯಿತು. ವರ್ಷಗಟ್ಟಲೆ ಉಪಚಾರ ಮಾಡಿದ ಮೇಲೆ ಅದು ಬಿಟ್ಟದ್ದು ನಾಣ್ಯದ ಅರ್ಧದಷ್ಟು ಹಣ್ಣು. ಬಣ್ಣ ಅಚ್ಚ ಕೆಂಪು. ರಾಯರು ಅದರ ಚೀಟಿಯನ್ನು ಬದಲಿಸಲಿಲ್ಲ. 'ಕಪ್ಪು' ಎಂಬ ಪದದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಹಣ್ಣಾಗುವ ಕಾಲ ಬಂತೆಂದರೆ ರಾಯರಿಗೂ ಪಿಕಳಾರ ಹಕ್ಕಿಗೂ ಯುದ್ಧ. ಪಿಟಾಂಗವನ್ನು ಕೆಂಪಾದ ಕೂಡಲೇ ಕೀಳಬಾರದು. ಬಣ್ಣ ಕಡುವಾಗಿ, ಬೆರಳು ತಾಗಿಸಿದರೆ ಸಾಕು ಅಂಗೈಗೆ ಕಳಚಿ ಬೀಳಬೇಕು. ಒಂದು ದಿನ ಮೊದಲು ಕಿತ್ತರೂ ಹುಳಿ, ಸೊಗಡು, ಜೊತೆಗೆ ಕಾಡುಮಾವಿನ ಸೊನೆಯ ಘಾಟು. ಈ ಶಾಸ್ತ್ರವನ್ನು ರಾಯರು ಓದಿ ತಿಳಿದದ್ದು. ಪಿಕಳಾರಕ್ಕೆ ಹುಟ್ಟಿನಿಂದಲೇ ಗೊತ್ತು. ರಾಯರು "ನಾಳೆ ಬೆಳಿಗ್ಗೆಗೆ ಹದ" ಎಂದು ತೀರ್ಮಾನಿಸಿದ ಹಣ್ಣನ್ನು ಅದು ಇಂದು ಸಂಜೆಯೇ ಒಪ್ಪಿಕೊಂಡು ಹೋಗುತ್ತದೆ. ಹಣ್ಣುನೊಣಕ್ಕಾದರೋ ಮೋಹಕ ಬಲೆ ತೂಗುಹಾಕಬಹುದು. ಹಕ್ಕಿಗೆ ಏನು ಮಾಡುವುದು? ರಾಯರು ಒಂದೊಂದು ಹಣ್ಣಿಗೂ ದಾರ ಎಳೆದು ಬಿಗಿಯುವ ಜಾಲರಿ ಚೀಲ ಕಟ್ಟಿದರು. ಗುಲಾಬಿ, ಚಿನ್ನದ ಬಣ್ಣ, ಅಂಚಿಗೆ ಜರಿ. ನವರಾತ್ರಿಯಲ್ಲಿ ಮುತ್ತೈದೆಯರಿಗೆ ತಾಂಬೂಲ ಕೊಡಲೆಂದು ಶ್ರೀಮತಿಯವರು ಚಿಕ್ಕಪೇಟೆಯಿಂದ ತಂದಿಟ್ಟ ಚೀಲಗಳು ಎಲ್ಲಿ ಹೋದವೆಂದು ಆಗ ತಿಳಿಯಿತು.

ಇಷ್ಟು ಕಾವಲು ದಾಟಿ ಉಳಿದ ಹಣ್ಣಿಗೆ ರುಚಿ ನೋಡುವ ಸಮಾರಂಭ. ರಾಯರು ಹಣ್ಣನ್ನು ಸೀಳಿ, ಬೀಜ ತೆಗೆದು, ಸಕ್ಕರೆ ಉದುರಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟಿರುತ್ತಾರೆ. ಹೀಗೆ ಮಾಡಿದರೆ ಘಾಟು ತಗ್ಗುವುದು ನಿಜ. "ಬೀಜ ಮಾತ್ರ ಜಗೀಬೇಡಿ" ಎಂಬ ಎಚ್ಚರಿಕೆಯೊಡನೆ ಒಂದೇ ಒಂದು ಹೋಳು ಬೆಳ್ಳಿಯ ಬಟ್ಟಲಿನಲ್ಲಿ ಬರುತ್ತದೆ. ಬಾಯಿಗಿಟ್ಟುಕೊಂಡವರ ಮುಖವನ್ನು ರಾಯರು ಫಲಿತಾಂಶದ ಬೋರ್ಡು ನೋಡುವ ವಿದ್ಯಾರ್ಥಿಯ ಹಾಗೆ ನೋಡುತ್ತಾರೆ. ಅನುಭವಸ್ಥರು "ಡಿಫರೆಂಟಾಗಿದೆ" ಎಂದು ಪಾರಾಗುತ್ತಾರೆ. ಸಂಭಾವಿತರು "ಇದರಲ್ಲಿ ವಿಟಮಿನ್ ಬಹಳ ಇರಬೇಕು" ಎನ್ನುತ್ತಾರೆ; ಇರುವುದು ಹೌದು, ಹಾಗಾಗಿ ಅದು ಸುಳ್ಳಿನ ಲೆಕ್ಕಕ್ಕೂ ಬರುವುದಿಲ್ಲ. ಕೆಳಗಿನ ಬಾಡಿಗೆ ಮನೆಯ ಹುಡುಗ ಮಾತ್ರ "ತಾತಾ, ಪೇಂಟ್ ಅಂಗಡಿ ವಾಸನೆ" ಎಂದುಬಿಟ್ಟ. ಅವನಿಗೆ ಕೊಟ್ಟದ್ದು ಪ್ರಶ್ನಾರ್ಥಕ ಚಿಹ್ನೆಯ ಗಿಡದ ಹಣ್ಣು ಎಂದು ರಾಯರು ಸಂಜೆಯೊಳಗೆ ಬೀದಿಗೆಲ್ಲ ಸ್ಪಷ್ಟನೆ ಕೊಟ್ಟರು.

ಫ್ಲೋರಿಡಾದಲ್ಲಿರುವ ಮಗಳಿಂದ ರಾಯರಿಗೆ ಬೆಂಬಲ ಸಿಗಬೇಕಿತ್ತು. "ಅಪ್ಪಾ, ನಮ್ಮ ಕಡೆ ಇದನ್ನ ಬೇಲಿಗೆ ಹಾಕಿದಾರೆ. ಹಕ್ಕಿ ತಿಂದು ಬೀಜ ಬೀಳಿಸಿ ಕಾಡಿಗೆಲ್ಲ ಹಬ್ಬಿದೆ. ಇಲ್ಲಿ ಕಳೆಗಿಡಗಳ ಪಟ್ಟೀಲಿದೆ, ನೆಡಬೇಡಿ ಅಂತಾರೆ" ಎಂದಳು. ರಾಯರು ಒಂದು ಕ್ಷಣ ಸುಮ್ಮನಿದ್ದು, "ಅದು ಸಣ್ಣ ಹಣ್ಣಿನ ತಳಿ ಇರಬೇಕು ಪುಟ್ಟಿ" ಎಂದರು.

ತಾರಸಿಯಲ್ಲಿ ಶ್ರೀಮತಿಯವರ ಬಟ್ಟೆ ತಂತಿ ಮೊದಲು ನಡುಮಧ್ಯದಲ್ಲಿತ್ತು. ಬಿಸಿಲಿನ ಹಕ್ಕು ಪಿಟಾಂಗಕ್ಕೆ ಹೋದ ಮೇಲೆ ಅದು ನೀರಿನ ಟ್ಯಾಂಕಿನ ಹಿಂದೆ ಸರಿಯಿತು, ಆಮೇಲೆ ಮೆಟ್ಟಿಲ ತಿರುವಿಗೆ ಇಳಿಯಿತು. ಅವರು ಒಮ್ಮೆ ಗಟ್ಟಿಯಾಗಿ ಆಕ್ಷೇಪಿಸಿದಾಗ ರಾಯರು ಇತಿಹಾಸಕ್ಕೇ ಕೈ ಹಾಕಿದರು: "ನೋಡೇ, ಇದು ನಿನ್ನೆ ಮೊನ್ನೆ ಬಂದ ಗಿಡ ಅಲ್ಲ. ಪೋರ್ಚುಗೀಸರು ಗೋಡಂಬಿ ತಂದ ಹಾಗೆ ಇದನ್ನೂ ಬ್ರೆಜಿಲಿನಿಂದ ತಂದರು ಅಂತಾರೆ. ಯುರೋಪಿನ ಪಂಡಿತರು ಮೊದಲ ಸಲ ಇದನ್ನ ವರ್ಣಿಸಿದ್ದು ಇಟಲಿಯ ಪೀಸಾದಲ್ಲಿ ಒಂದು ತೋಟದ ಗಿಡ ನೋಡಿ. ಆ ಗಿಡ ಅಲ್ಲಿಗೆ ಎಲ್ಲಿಂದ ಹೋಗಿತ್ತು ಅಂತ ನಂಬಿಕೆ ಗೊತ್ತಾ? ಗೋವಾದಿಂದ! ನಮ್ಮ ಕಾರವಾರದ ಪಕ್ಕ! ಆಮೇಲೆ 1753ರಲ್ಲಿ ಲಿನ್ನೇಯಸ್ ಯುಜೀನಿಯಾ ಯೂನಿಫ್ಲೋರಾ ಅಂತ ಹೆಸರಿಟ್ಟ. ನಿನ್ನ ಸಾರಿಗೆ ಹಾಕೋ ಮೆಣಸಿನಕಾಯೂ ಹಾಗೇ ಹಡಗು ಹತ್ತಿ ಬಂದಿದ್ದು. ನನ್ನಂಥೋನೊಬ್ಬ ಅವತ್ತು ಬೀಜ ಜೇಬಿಗೆ ಹಾಕ್ಕೊಂಡಿಲ್ಲದಿದ್ರೆ ಇವತ್ತಿಗೂ ಕಾಳುಮೆಣಸು ಕುಟ್ತಾ ಇರ್ತಿದ್ದೆ."

ಶ್ರೀಮತಿಯವರು ಒದ್ದೆ ಪಂಚೆ ಹಿಂಡುತ್ತ, "ಅವತ್ತೂ ಅವನ ಹೆಂಡ್ತಿ, ಬಟ್ಟೆ ಎಲ್ರೀ ಒಣಗಿಸಲಿ ಅಂತ ಕೇಳಿರ್ತಾಳೆ. ಅದನ್ನ ಯಾವ ಪಂಡಿತನೂ ಬರೆದಿಟ್ಟಿಲ್ಲ" ಎಂದರು.

ಹಾಗೆಂದು ರಾಯರಂಥವರನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮ ಹಿತ್ತಿಲ ಪಪ್ಪಾಯಿ, ಸೀಬೆ, ಅನಾನಸುಗಳೆಲ್ಲ ಒಂದು ಕಾಲದ ರಾಯರುಗಳ ಹುಚ್ಚೇ. ತೊಂದರೆ ಇರುವುದು ಇವರ ಕಣ್ಣಿನಲ್ಲಿ. ಗಿಡ ಬಂದ ದಿನದಿಂದ ಇವರು ನೋಡುವುದು ಕೈಯಲ್ಲಿರುವ ಹಣ್ಣನ್ನಲ್ಲ, ಬರಬೇಕಾದ ಹಣ್ಣನ್ನು. ನಾಣ್ಯದಷ್ಟಾದರೆ ನಿಂಬೆಯಷ್ಟೇಕಾಗಬಾರದು ಎಂಬ ಚಿಂತೆ. ಆ ಚಿಂತೆಯಲ್ಲಿ ಬಿದ್ದ ಸಣ್ಣ ಹಣ್ಣನ್ನೆಲ್ಲ ಗೊಬ್ಬರದ ಬಕೆಟ್ಟಿಗೆ ಗುಡಿಸುತ್ತಾರೆ.

ಆ ಬಕೆಟ್ಟಿನಿಂದಲೇ ಕಥೆ ತಿರುಗಿತು. ಹಣ್ಣು ಹಾಳು ಮಾಡುವುದನ್ನು ಕಂಡು ಸಹಿಸದ ಶ್ರೀಮತಿಯವರು ಒಂದು ದಿನ ಪ್ರಶ್ನಾರ್ಥಕ ಗಿಡದ ಸಣ್ಣ ಹಣ್ಣುಗಳನ್ನು ಬೋಗುಣಿಗೆ ಆಯ್ದುಕೊಂಡರು. ಬೀಜ ಹಿಂಡಿ ತೆಗೆದು, ತಿರುಳಿಗೆ ಬೆಲ್ಲ, ಉಪ್ಪು, ಹುರಿದ ಎಳ್ಳು, ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರು. ಇಂಗಿನ ಮುಂದೆ ಸೊನೆಯ ಘಾಟು ತಲೆ ಎತ್ತಲಿಲ್ಲ. ಗೊಜ್ಜಿಗೆ ಬೇಕಿದ್ದದ್ದು ಹುಳಿ. ಅದು ಸಣ್ಣ ಹಣ್ಣಿನಲ್ಲಿ ಧಾರಾಳವಾಗಿತ್ತು. ಪೇಂಟ್ ಅಂಗಡಿಯ ಹುಡುಗ ಎರಡು ಸಲ ಹಾಕಿಸಿಕೊಂಡು ಉಂಡ. "ದೊಡ್ಡದು ನೀವೇ ಇಟ್ಕೊಳಿ, ಸಣ್ಣದೆಲ್ಲ ಇನ್ಮೇಲೆ ನನಗೆ" ಎಂದು ಶ್ರೀಮತಿಯವರು ಫರ್ಮಾನು ಹೊರಡಿಸಿದರು. ದೊಡ್ಡದರ ಹುಚ್ಚು ಇಲ್ಲಿಗೆ ಇಳಿಯಿತು ಎಂದು ಅವರಿಗೂ ಅನ್ನಿಸಿತ್ತು, ನಮಗೂ ಅನ್ನಿಸಿತ್ತು.

ರಾಯರು ಮಾತಾಡದೆ ಗೊಜ್ಜು ಬೆರಳಲ್ಲಿ ನೆಕ್ಕಿ ಮೇಲೆ ಹೋದರು. ಮಾರನೆಯ ಬೆಳಿಗ್ಗೆ ತಾರಸಿಯಲ್ಲಿ ಮೊಳಕೆಗೆಂದು ಬೀಜ ಊರಿದ ಮೊಸರಿನ ಡಬ್ಬಿಗಳ ಸಾಲು. ಈ ಬೀಜ ತಿಂಗಳೊಪ್ಪತ್ತಿಗಿಂತ ಹೆಚ್ಚು ದಿನ ಜೀವ ಹಿಡಿದಿರುವುದಿಲ್ಲವಾದ್ದರಿಂದ ರಾತ್ರಿಯೇ ಊರಿದ್ದರು. ಎಟಿಎಂ ಕಾರ್ಡಿನ ಹೊಸ ತುಂಡುಗಳ ಮೇಲೆ ಗೊ-1, ಗೊ-2, ಗೊ-3.

"ಇದೇನ್ರೀ ಮತ್ತೆ?"

"ಗೊಜ್ಜಿನ ತಳಿ ಕಣೇ. ಹುಳಿ ಜಾಸ್ತಿ, ಬೀಜ ಸಣ್ಣ, ಘಾಟು ಕಮ್ಮಿ. ಬ್ರೆಜಿಲಿನವರಿಗೇ ಹೊಳೆದಿಲ್ಲ ಇದು."

"ಹಣ್ಣು ಬಿಡಕ್ಕೆ ಎಷ್ಟು ದಿನ?"

"ದಿನ ಅಲ್ಲ. ಬೀಜದ ಗಿಡ ಅಲ್ವಾ, ಎರಡರಿಂದ ಐದು ವರ್ಷ. ಅದರಲ್ಲಿ ಒಳ್ಳೇದನ್ನ ಆರಿಸಿ, ಕಸಿ ಕಟ್ಟಿ, ಅದು ಕಚ್ಚಿ ಫಲ ಬಿಡಕ್ಕೆ ಇನ್ನೊಂದು ಮೂರು ವರ್ಷ ಇಟ್ಕೋ."

ಶ್ರೀಮತಿಯವರು ಡಬ್ಬಿಗಳನ್ನೂ ಗಂಡನನ್ನೂ ಒಮ್ಮೆ ನೋಡಿ, "ಆಯ್ತು. ಅಲ್ಲೀವರೆಗೂ ಹುಣಿಸೇಹಣ್ಣೇ ಹಾಕ್ತೀನಿ" ಎಂದು ಕೆಳಗಿಳಿದರು.