ವಾರಕ್ಕೊಂದು ಒಳ್ಳೆಯ ಸುದ್ದಿ

ವಿಶ್ವವಿದ್ಯಾಲಯವೊಂದರ 'ಅಧಿಕೃತ ಪುಟ'ದ ಜೊತೆ ಕಾಲ್ಪನಿಕ ಸಂದರ್ಶನ

ಗೋವಾದ ಪರ್ವರಿಯಲ್ಲಿ ಮೇಲ್ಸೇತುವೆಯ ಕಂಬಗಳು ಏಳತೊಡಗಿದ ಮೇಲೆ ಗಡಿಯಾರ ನೋಡಿ ಭೇಟಿ ಗೊತ್ತು ಮಾಡುವ ಪದ್ಧತಿ ನಿಂತುಹೋಗಿದೆ. 'ದಾರಿ ಬಿಟ್ಟಾಗ ಬರ್ತೀನಿ' ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗೆ ದಾರಿ ಬಿಟ್ಟಾಗ ಬಂದದ್ದು ವಿಶ್ವವಿದ್ಯಾಲಯವೊಂದರ ಅಧಿಕೃತ ಪುಟ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬ್ ನಾಲ್ಕೂ ಕಡೆ ಅದಕ್ಕೆ ಮನೆಯಿದೆ, ಯಾವ ಮನೆಯಲ್ಲೂ ಬಾಗಿಲು ತೆರೆಯುವವರಿಲ್ಲ. ಗೋವಾದ ಉನ್ನತ ಶಿಕ್ಷಣ ನಿರ್ದೇಶನಾಲಯ ಇಲ್ಲೇ ಆಲ್ತೊ ಪರ್ವರಿಯಲ್ಲಿದೆ; ಶಿಕ್ಷಣದ ಕಡತ ಹಿಡಿದವರು ಒಮ್ಮೆಯಾದರೂ ಈ ಗುಡ್ಡ ಹತ್ತಲೇಬೇಕು. ಪುಟವೂ ಯಾವುದೋ ಕಡತದ ಬೆನ್ನು ಹತ್ತಿ ಬಂದಿತ್ತು.

ಭಾಜಿ-ಪಾವ್ ಹೋಟೆಲಿನ ಮೂಲೆಯಲ್ಲಿ ಕೂತೆವು. ತಾನು ಯಾವ ವಿಶ್ವವಿದ್ಯಾಲಯದ್ದೆಂದು ಬರೆಯಕೂಡದು ಎಂದು ಷರತ್ತು ಹಾಕಿತು. 'ಹೆಸರೇ ಇಲ್ಲದಿದ್ದರೆ ಓದುಗರಿಗೆ ಗೊತ್ತಾಗುವುದು ಹೇಗೆ?' ಎಂದೆ. 'ಎಲ್ಲರೂ ತಮ್ಮೂರಿನದೇ ಅಂದುಕೊಳ್ಳುತ್ತಾರೆ ಬಿಡಿ ಸರ್' ಎಂದಿತು.

ಪ್ರಶ್ನೆ: ಬೆಳಗಿನಿಂದ ಏನೇನು ಕೆಲಸ ಆಯಿತು?

ಪುಟ: ಆರಕ್ಕೆ ಶುಭೋದಯ. ಏಳಕ್ಕೆ ಮಹನೀಯರೊಬ್ಬರ ಜಯಂತಿ. ಎಂಟಕ್ಕೆ ವಿಶ್ವ ಏನೋ ಒಂದು ದಿನ. ಹತ್ತಕ್ಕೆ ಕುಲಪತಿಗಳು ದೀಪ ಬೆಳಗಿದರು. ಹತ್ತೂಕಾಲಿಗೆ ಅದೇ ದೀಪವನ್ನು ಎಡಗಡೆಯಿಂದ ಬೆಳಗಿದರು. ಹನ್ನೊಂದಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ.

ಪ್ರಶ್ನೆ: ದೀಪ ಬೆಳಗಿದ ಮೇಲೆ ಏನು ಮಾತಾಡಿದರು?

ಪುಟ: ಮಾತು ಫೋಟೋದಲ್ಲಿ ಬರುವುದಿಲ್ಲವಲ್ಲ ಸರ್.

ಪ್ರಶ್ನೆ: ಇರಲಿ. ನಿಮ್ಮ ಹುಟ್ಟಿನ ಬಗ್ಗೆ ಹೇಳಿ.

ಪುಟ: ನಮ್ಮ ವಂಶ ಕ್ಯಾಂಪಸ್ಸಿನದೇ. 2004ರ ಫೆಬ್ರುವರಿಯಲ್ಲಿ ಹಾರ್ವರ್ಡಿನ ಹಾಸ್ಟೆಲಿನಲ್ಲಿ ಫೇಸ್‌ಬುಕ್ ಶುರುವಾದಾಗ ಆ ವಿಶ್ವವಿದ್ಯಾಲಯದ ಇ-ಮೇಲ್ ಇದ್ದವರಿಗೆ ಮಾತ್ರ ಪ್ರವೇಶ. ಊರಿನವರಿಗೆಲ್ಲ ಬಾಗಿಲು ತೆರೆದದ್ದು 2006ರಲ್ಲಿ. ಹುಡುಗರು ಹುಡುಗರಿಗಾಗಿ ಮಾಡಿಕೊಂಡದ್ದು. ವಿಶ್ವವಿದ್ಯಾಲಯಗಳು ಆಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತವು. ಕೂತದ್ದೇ ತಡ, ಹುಡುಗರು ಎದ್ದು ವಾಟ್ಸಾಪಿಗೆ ಹೋದರು.

ಪ್ರಶ್ನೆ: ನಮ್ಮ ದೇಶದಲ್ಲಿ ನಿಮಗೆ ಸರ್ಕಾರಿ ಮನ್ನಣೆ ಯಾವಾಗ ಸಿಕ್ಕಿತು?

ಪುಟ: 2019ರ ಜುಲೈ! ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ ಉನ್ನತ ಶಿಕ್ಷಣ ಕಾರ್ಯದರ್ಶಿಗಳಿಂದ ಎಲ್ಲ ಸಂಸ್ಥೆಗಳಿಗೂ ಪತ್ರ ಬಂತು. ಪ್ರತಿ ಸಂಸ್ಥೆಯಲ್ಲೂ ಒಬ್ಬ 'ಸೋಷಿಯಲ್ ಮೀಡಿಯಾ ಚಾಂಪಿಯನ್' ಇರಬೇಕು. ಸಂಸ್ಥೆಯ ಖಾತೆ ಸಚಿವಾಲಯದ ಖಾತೆಗೆ ಜೋಡಣೆಯಾಗಬೇಕು. ವಿದ್ಯಾರ್ಥಿಗಳ ಖಾತೆಗಳೂ ಜೋಡಣೆಯಾಗಬೇಕು. ವಾರಕ್ಕೆ ಕಡಿಮೆಯೆಂದರೆ ಒಂದು ಒಳ್ಳೆಯ ಸುದ್ದಿ ಪ್ರಕಟವಾಗಬೇಕು.

ಪ್ರಶ್ನೆ: ಮೂರು ಕೋಟಿ ವಿದ್ಯಾರ್ಥಿಗಳ ಖಾತೆ ಯಾಕೆ ಬೇಕು ಎಂದು ಆಗ ಗಲಾಟೆಯಾಗಿತ್ತಲ್ಲ?

ಪುಟ: ಆಯಿತು. ವಿದ್ಯಾರ್ಥಿಗಳಿಗೆ ಇಷ್ಟವಿದ್ದರೆ ಮಾತ್ರ ಎಂದು ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಆದರೆ ವಾರಕ್ಕೊಂದು ಒಳ್ಳೆಯ ಸುದ್ದಿ ಎಂಬ ಮಾತು ನನ್ನ ಎದೆಯಲ್ಲಿ ಉಳಿಯಿತು.

ಪ್ರಶ್ನೆ: ಒಳ್ಳೆಯದೇನೂ ನಡೆಯದ ವಾರ?

ಪುಟ: ಅಂಥ ವಾರಕ್ಕೆಂದೇ ವೆಬಿನಾರ್ ಇದೆ.

ಪ್ರಶ್ನೆ: ನಿಮ್ಮ ಚಾಂಪಿಯನ್ ಯಾರು?

ಪುಟ: (ದನಿ ತಗ್ಗಿಸಿ) ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯ ಮೇಡಂ. ನಿಮ್ಮ ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕರು ಅಂತೀರಿ, ಇಲ್ಲಿ 'ಲೆಕ್ಚರ್ ಬೇಸಿಸ್' ಅಂತಾರೆ. ತಾಸಿನ ಲೆಕ್ಕದಲ್ಲಿ ಸಂಬಳ. ನನ್ನನ್ನು ನೋಡಿಕೊಳ್ಳುವ ತಾಸು ಆ ಲೆಕ್ಕಕ್ಕೆ ಬರುವುದಿಲ್ಲ. ಅವರ ಸ್ವಂತ ಫೋನು, ಸ್ವಂತ ಡೇಟಾ. ಕುಲಪತಿಗಳ ಕಣ್ಣು ಮುಚ್ಚಿದ ಫೋಟೋ ಅಪ್ಪಿತಪ್ಪಿ ಹೋದರೆ ರಾತ್ರಿ ಹನ್ನೊಂದಕ್ಕೆ ಫೋನು ಬರುವುದೂ ಅವರಿಗೇ.

ಪ್ರಶ್ನೆ: ಅವರ ಅವಧಿ ಮುಗಿದರೆ?

ಪುಟ: ಮುಗಿಯುತ್ತದೆ. ಪಾಸ್‌ವರ್ಡ್ ಅವರ ಜೊತೆ ಹೋಗುತ್ತದೆ. ಅದಕ್ಕೇ ನಾವು ಮೂವರಿದ್ದೇವೆ. ದೊಡ್ಡವನ ಹೆಸರು 'ಅಫಿಶಿಯಲ್', ನಡುವಿನವನು 'ಅಫಿಶಿಯಲ್ ನ್ಯೂ', ನಾನು 'ರಿಯಲ್ ಅಫಿಶಿಯಲ್'. ದೊಡ್ಡವನ ಗೋಡೆಯ ಮೇಲೆ ಇವತ್ತಿಗೂ ಯಾವುದೋ ಹಳೆಯ ವರ್ಷದ ಪ್ರವೇಶ ಪ್ರಕಟಣೆಯೇ ಮೇಲಿದೆ. ಅದನ್ನು ನೋಡಿ ಅರ್ಜಿ ಹಾಕಲು ಬರುವವರೂ ಇದ್ದಾರೆ.

ಪ್ರಶ್ನೆ: ಇಷ್ಟೆಲ್ಲ ಹಾಕುತ್ತೀರಿ, ನೋಡುವವರು ಯಾರು? ವಿದ್ಯಾರ್ಥಿಗಳೇ?

ಪುಟ: ನೀವು ತುಂಬಾ ಮುಗ್ಧರು ಸರ್. ನಾನಿರುವುದು ನ್ಯಾಕ್‌ಗಾಗಿ. 1994ರಲ್ಲಿ ಹುಟ್ಟಿದ ಸಂಸ್ಥೆ, ಕಚೇರಿ ನಿಮ್ಮ ಬೆಂಗಳೂರಿನಲ್ಲೇ. ಅದು ಕಾಲೇಜುಗಳಿಗೆ ಮಾನ್ಯತೆ ಕೊಡುತ್ತದೆ. ಮಾನ್ಯತೆ ಬೇಕಾದರೆ ಸಾಕ್ಷಿ ಬೇಕು. ಸಾಕ್ಷಿ ಅಂದರೆ ಫೋಟೋ. ಬರೀ ಫೋಟೋ ಸಾಲದು, ಅಕ್ಷಾಂಶ-ರೇಖಾಂಶ, ತಾರೀಖು, ಹೊತ್ತು ಎಲ್ಲ ಮೂಲೆಯಲ್ಲಿ ಮುದ್ರೆಯಾಗಿರಬೇಕು. ಕೆರೆ ಸ್ವಚ್ಛತೆಗೆ ಹೋದ ಎನ್ನೆಸ್ಸೆಸ್ ಹುಡುಗರು ಮೊದಲು ಜಿಪಿಎಸ್ ಸಿಕ್ಕಿತೇ ನೋಡುತ್ತಾರೆ, ಆಮೇಲೆ ಕೆರೆ ಎಲ್ಲಿದೆ ನೋಡುತ್ತಾರೆ.

ಪ್ರಶ್ನೆ: ಅಂದರೆ ಸಮುದಾಯ ಸಂಪರ್ಕ ಅನ್ನುವುದು...

ಪುಟ: ವಾರ್ಷಿಕ ವರದಿಯ ಒಂದು ಕಲಂ. ಅದರ ಎದುರಿಗೆ ನನ್ನ ಲಿಂಕು. ಲಿಂಕು ತೆರೆದುಕೊಂಡರೆ ಸಂಪರ್ಕ ಆಯಿತು.

ಪ್ರಶ್ನೆ: 2023ರ ಡಿಸೆಂಬರಿನಲ್ಲಿ ಯುಜಿಸಿ ಸೆಲ್ಫಿ ಪಾಯಿಂಟ್ ಕಟ್ಟಿ ಎಂದಾಗ ನಿಮಗೆ ಹಬ್ಬವಾಗಿರಬೇಕು.

ಪುಟ: ಹಬ್ಬವೇ! ಪ್ರಧಾನಿಯವರ ಚಿತ್ರದ ಜೊತೆಗೆ ಬಹುಭಾಷೆ, ಭಾರತೀಯ ಜ್ಞಾನ ಪರಂಪರೆ, ಸಂಶೋಧನೆ, ನಾವೀನ್ಯ ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಹಿನ್ನೆಲೆ. ಸಂಶೋಧನೆಯ ಹಿನ್ನೆಲೆಯ ಮುಂದೆ ನಿಂತ ಸಂಶೋಧನಾ ವಿದ್ಯಾರ್ಥಿಯೊಬ್ಬ 'ಫೆಲೋಶಿಪ್ ಬರದೆ ಆರು ತಿಂಗಳಾಯಿತು' ಅಂದ. ನಗು, ಕ್ಲಿಕ್ ಮಾಡ್ತೀನಿ ಅಂದೆ.

ಪ್ರಶ್ನೆ: ನಿಮ್ಮ ಪೋಸ್ಟಿನ ಕೆಳಗೆ ಜನ ಏನು ಬರೆಯುತ್ತಾರೆ?

ಪುಟ: ಮೊದಲ ಹತ್ತು 'ಅಭಿನಂದನೆಗಳು ಸರ್', ಅವು ಸಿಬ್ಬಂದಿಯವು, ಬಡ್ತಿಯ ಪಟ್ಟಿ ಬರುವ ತಿಂಗಳಲ್ಲಿ ಇಪ್ಪತ್ತಾಗುತ್ತವೆ. ಹನ್ನೊಂದನೆಯದು 'ರಿಸಲ್ಟ್ ಯಾವಾಗ?' ನಾನು ಯೋಗ ದಿನ ಹಾಕಿದರೂ ರಿಸಲ್ಟ್ ಯಾವಾಗ, ಸಂತಾಪ ಸೂಚಿಸಿದರೂ ರಿಸಲ್ಟ್ ಯಾವಾಗ.

ಪ್ರಶ್ನೆ: ಏನು ಉತ್ತರ ಕೊಡುತ್ತೀರಿ?

ಪುಟ: ಒಂದು ಹೃದಯ.

ಪ್ರಶ್ನೆ: ದೂರು ಕೇಳಲಿಕ್ಕೆ ನಿಯಮವೇ ಇದೆಯಲ್ಲ. 2023ರ ಯುಜಿಸಿ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಮೇಲ್ಮನವಿ ಕೇಳಲು ಓಂಬುಡ್ಸ್‌ಪರ್ಸನ್ ಇರಬೇಕು.

ಪುಟ: ಇರಬೇಕು. 2024ರ ಜೂನ್‌ನಲ್ಲಿ ಓಂಬುಡ್ಸ್‌ಪರ್ಸನ್ ನೇಮಿಸದ 157 ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಹೊರಹಾಕಿತು. ಆ ಪಟ್ಟಿಯಲ್ಲಿ ಫೇಸ್‌ಬುಕ್ ಪುಟ ಇಲ್ಲದವರನ್ನು ಹುಡುಕಿ ನೋಡಿ. ಕಿವಿ ಇಡಲು ಆದೇಶ, ನೇಮಕ, ಗೌರವಧನ ಎಲ್ಲ ಬೇಕು ಸರ್. ಬಾಯಿ ಇಡಲು ಒಂದು ಮೊಬೈಲ್ ನಂಬರ್ ಸಾಕು.

ಪ್ರಶ್ನೆ: ಇಲ್ಲಿ ಪರ್ವರಿಯಲ್ಲಿ ಬೆಳಗ್ಗೆ ಸೈಕಲ್ ಮೇಲೆ ಪಾವ್ ಮಾರುವ ಪೊದೇರ್ ಬರುತ್ತಾನೆ, ನೋಡಿದ್ದೀರಾ? ಪೋಂ ಪೋಂ ಅಂತ ಹಾರ್ನ್ ಒತ್ತಿ, ಮನೆ ಮುಂದೆ ಕಾಲೂರಿ ನಿಲ್ಲುತ್ತಾನೆ. ಯಾರೋ ಎರಡು ಉಂಡೆ ಕೇಳುತ್ತಾರೆ, ಯಾರೋ ನಿನ್ನೆಯದು ಗಟ್ಟಿಯಿತ್ತು ಎಂದು ಬೈಯುತ್ತಾರೆ. ಕೇಳಿಸಿಕೊಂಡು, ಕೊಟ್ಟು, ಮುಂದೆ ಹೋಗುತ್ತಾನೆ. ನೀವು ಹಾರ್ನ್ ಒತ್ತಿ ನಿಲ್ಲುವುದೇ ಇಲ್ಲವಲ್ಲ?

ಪುಟ: ನನ್ನ ಬುಟ್ಟಿಯಲ್ಲಿ ಪಾವ್ ಇಲ್ಲ ಸರ್. ಪಾವ್ ಪರೀಕ್ಷಾ ವಿಭಾಗದಲ್ಲಿದೆ, ಸ್ಕಾಲರ್‌ಶಿಪ್ ಕಿಟಕಿಯಲ್ಲಿದೆ, ಹಾಸ್ಟೆಲ್ ಕಚೇರಿಯಲ್ಲಿದೆ. ಆ ಮೂವರೂ ನನ್ನ ಜೊತೆ ಮಾತಾಡುವುದಿಲ್ಲ. ನನಗೆ ಕೊಟ್ಟಿರುವುದು ಹಾರ್ನ್ ಮಾತ್ರ.

ಪ್ರಶ್ನೆ: ಮೊದಲು ಹೀಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1933ರ ಹೊತ್ತಿಗೇ ಮೇಷ್ಟರುಗಳನ್ನು ಹಳ್ಳಿಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿ, ಅವನ್ನೇ ಕಿರುಹೊತ್ತಿಗೆಗಳಾಗಿ ಅಚ್ಚು ಹಾಕಿಸುತ್ತಿತ್ತು. ರೋಗ, ಬೇಸಾಯ, ನಕ್ಷತ್ರ ಎಲ್ಲವೂ ಕನ್ನಡದಲ್ಲಿ.

ಪುಟ: ಹಳ್ಳಿಗೆ ಹೋದಾಗ ಬ್ಯಾನರ್ ಕಟ್ಟಿದ್ದರೇ?

ಪ್ರಶ್ನೆ: ಗೊತ್ತಿಲ್ಲ. ಎದುರಿಗೆ ಜನ ಕೂತಿರುತ್ತಿದ್ದರು. ಎದ್ದು ನಿಂತು ಪ್ರಶ್ನೆ ಕೇಳಿದರೆ ಹೃದಯ ಒತ್ತಿ ಬಸ್ಸು ಹತ್ತುವಂತಿರಲಿಲ್ಲ. ಇನ್ನೊಬ್ಬರಿದ್ದರು, ಮಹಾರಾಜಾ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರಸಾರ ಯಂತ್ರ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು.

ಪುಟ: 30 ವ್ಯಾಟ್! ನಮ್ಮ ಸಭಾಂಗಣದ ಸೀರಿಯಲ್ ಸೆಟ್ಟೇ ಅದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ. ಅವರಿಗೆ ಫಾಲೋವರ್ಸ್ ಎಷ್ಟಿದ್ದರು?

ಪ್ರಶ್ನೆ: ಅವರ ಹತ್ತಿರ ಹೇಳಲಿಕ್ಕೆ ಏನೋ ಇತ್ತು. ದೂರದ ಉದಾಹರಣೆ ಬೇಡ, ಇದೇ ಪರ್ವರಿಯ ನಿರ್ದೇಶನಾಲಯ 2020ರಲ್ಲಿ ಕೋವಿಡ್ ಬಂದಾಗ 'ದಿಷ್ಟಾವೊ' ಶುರು ಮಾಡಿತಲ್ಲ. ಗೋವಾದ ಕಾಲೇಜು ಮೇಷ್ಟರುಗಳೇ ಪಠ್ಯಕ್ರಮದ ಒಂದೊಂದು ಪಾಠ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರು.

ಪುಟ: ನೋಡಿದ್ದೇನೆ. ಬರೀ ಪಾಠ ಸರ್. ಒಂದು ಶಾಲಿಲ್ಲ, ಹಾರವಿಲ್ಲ. ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಹುಡುಗರು ಅಲ್ಲಿಗೇ ಓಡುತ್ತಾರೆ. ಯಾಕೋ ನನ್ನ ದೀಪ ಬೆಳಗುವ ವಿಡಿಯೋವನ್ನು ಯಾರೂ ಪರೀಕ್ಷೆಗೆ ಓದುವುದಿಲ್ಲ.

ಪ್ರಶ್ನೆ: ಆಗ ಸತ್ತರಿ, ಸಾಂಗೆ ತಾಲ್ಲೂಕುಗಳ ಕಡೆಯ ಹುಡುಗರು ನೆಟ್‌ವರ್ಕಿಗಾಗಿ ಗುಡ್ಡ ಹತ್ತುತ್ತಿದ್ದರು. ಗುಡ್ಡ ಹತ್ತಿದವನಿಗೆ ಬೇಕಾಗಿದ್ದು ಪಾಠ. ನಿಮ್ಮ ಶುಭೋದಯಕ್ಕೆ ಯಾರಾದರೂ ಗುಡ್ಡ ಹತ್ತಿಯಾರೇ?

ಪುಟ: (ಪಾವ್ ಮುರಿಯುತ್ತಾ) ಮುಂದಿನ ಪ್ರಶ್ನೆ.

ಪ್ರಶ್ನೆ: ನಿಮಗೆ ಯಾವ ಯಾವ ಭಾಷೆ ಬರುತ್ತದೆ?

ಪುಟ: ಇಂಗ್ಲಿಷು. ನವೆಂಬರ್ ಒಂದಕ್ಕೆ ಕನ್ನಡ, ಹಿಂದಿ ದಿವಸಕ್ಕೆ ಹಿಂದಿ, ಶುಭಾಶಯ ಹೇಳಲು ಎರಡು ಮಾತು ಕೊಂಕಣಿ.

ಪ್ರಶ್ನೆ: 2011ರ ಜನಗಣತಿಯಂತೆ ಗೋವಾದಲ್ಲೇ ನೂರಕ್ಕೆ ನಾಲ್ಕೂವರೆಗೂ ಮಿಕ್ಕಿ ಜನರ ಮಾತೃಭಾಷೆ ಕನ್ನಡ. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕಟ್ಟಿದವರ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಅವರ ಮನೆಯವರು ನಿಮ್ಮನ್ನು ಏನಾದರೂ ಕೇಳುತ್ತಾರೆಯೇ?

ಪುಟ: ಒಬ್ಬರು ಕೇಳಿದ್ದರು. ಬದಾಮಿ ಕಡೆಯ ತಾಯಿ, ಮಗಳ ಫೋನಿನಿಂದ ಕನ್ನಡದಲ್ಲೇ ಬರೆದಿದ್ದರು: 'ನನ್ನ ಮಗಳ ಸ್ಕಾಲರ್‌ಶಿಪ್ ರೊಕ್ಕ ಇನ್ನೂ ಬಂದಿಲ್ರಿ, ಯಾರನ್ನ ಕೇಳ್ಬೇಕ್ರಿ?' ಕೂಡಲೇ ಉತ್ತರ ಕೊಟ್ಟೆ.

ಪ್ರಶ್ನೆ: ಏನಂತ?

ಪುಟ: 'ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ. ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ.' ಅದು ತಾನಾಗಿ ಹೋಗುತ್ತದೆ ಸರ್. ಮಾರನೆಯ ದಿನ ಮತ್ತೆ ಬರೆದರು, ಮತ್ತೆ ಧನ್ಯವಾದ ಹೇಳಿದೆ. ತಿಂಗಳ ವರದಿಯಲ್ಲಿ ಅದು 'ಪೋಷಕರೊಂದಿಗೆ ಸಂವಾದ: ಎರಡು' ಎಂದು ದಾಖಲಾಗಿದೆ.

ಪ್ರಶ್ನೆ: ನಾಳೆ ಒಂದು ವರ್ಷ ಯಾರೂ ನಿಮ್ಮನ್ನು ಎಣಿಸುವುದಿಲ್ಲ ಅಂದುಕೊಳ್ಳಿ. ಲೈಕ್ ಬೇಡ, ಲಿಂಕ್ ಬೇಡ, ವರದಿ ಬೇಡ. ಏನು ಮಾಡುತ್ತೀರಿ?

ಪುಟ: (ಸ್ವಲ್ಪ ಹೊತ್ತು ಯೋಚಿಸಿ) ಪರೀಕ್ಷಾ ವಿಭಾಗಕ್ಕೆ ಹೋಗಿ ಬಾಗಿಲಲ್ಲಿ ಕೂರುತ್ತೇನೆ. ರಿಸಲ್ಟ್ ಯಾಕೆ ತಡ ಎಂದು ಕೇಳಿಕೊಂಡು ಬಂದು ಹಾಗೇ ಬರೆಯುತ್ತೇನೆ: ಮೌಲ್ಯಮಾಪನಕ್ಕೆ ಜನ ಸಾಲದು, ಇನ್ನು ಮೂರು ವಾರ ಬೇಕು ಅಂತ. ಒಳ್ಳೆಯ ಸುದ್ದಿ ಅಲ್ಲ. ಆದರೆ ಆ ದಿನ ಎಲ್ಲರೂ ನನ್ನನ್ನು ಓದುತ್ತಾರೆ.

ಪ್ರಶ್ನೆ: ಹಾಗಾದರೆ ಈಗಲೇ ಮಾಡಬಹುದಲ್ಲ?

ಪುಟ: ಮೇಲಿನವರ ಅನುಮೋದನೆ ಬೇಕು. ದೀಪಕ್ಕೆ ಬೇಕಿಲ್ಲ, ತಡ ಅನ್ನುವುದಕ್ಕೆ ಬೇಕು.

ಪ್ರಶ್ನೆ: ಬದಾಮಿಯ ಆ ತಾಯಿಗೆ ಕೊನೆಗೆ ಉತ್ತರ ಸಿಕ್ಕಿತೇ?

ಪುಟ: ಸಿಕ್ಕಿತಂತೆ. ಮೂರನೇ ವರ್ಷದ ಬಿಕಾಂನವರದು 'ಟಿವೈ ಬಿಕಾಂ ಅನ್‌ಅಫಿಶಿಯಲ್' ಅಂತ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಮೇಷ್ಟರಿಲ್ಲ, ಲಾಂಛನವಿಲ್ಲ. ಅಲ್ಲಿಯ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಕಿಟಕಿಯಲ್ಲಿ ವಿಚಾರಿಸಿ, ಕನ್ನಡದಲ್ಲೇ ವಾಯ್ಸ್ ಮೆಸೇಜ್ ಕಳಿಸಿದಳು: 'ಅಮ್ಮಾರ, ನಿಮ್ಮ ಮಗಳ ಬ್ಯಾಂಕ್ ಖಾತಿಗೆ ಆಧಾರ್ ಜೋಡಣಿ ಆಗಿಲ್ಲ. ಬ್ಯಾಂಕಿಗೆ ಹೋಗಿ ಮಾಡಿಸ್ರಿ, ಬುಧವಾರ ನಾನೂ ಜೊತಿಗೆ ಬರ್ತೀನಿ.' ಹೋದರು, ಜೋಡಣೆಯಾಯಿತು, ಹಣವೂ ಬಂತು.

ಪ್ರಶ್ನೆ: ಅದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಆ ವಾರದ್ದು ಅದನ್ನೇ ಹಾಕಬಹುದಿತ್ತಲ್ಲ?

ಪುಟ: ಹಾಕಬಹುದಿತ್ತು ಸರ್. ಫೋಟೋ ಇರಲಿಲ್ಲ.