ಉಳಿಗೆ ಸಾಣೆ, ತೋಳಿಗೆ ಕ್ಷೌರ

ಮರಗೆತ್ತನೆ ಕಲಿಯಲು ಹೊರಟವರು ಮೊದಲು ಕೆತ್ತುವುದು ಸ್ವಂತ ಜೇಬನ್ನು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಗೆ ಎಡೆಯೇ ಇರಬಾರದೆಂದು ನಾನು ಮೊದಲು ನೆಲವನ್ನೇ ನೆಟ್ಟಗೆ ಮಾಡಲು ಕುಳಿತೆ. ಅಂದರೆ, ಒಳ್ಳೆಯ ಉಳಿ ಹುಡುಕತೊಡಗಿದೆ.

ಅಂಗಡಿಯಲ್ಲಿ ಉಳಿ ಆರಿಸುವ ನನ್ನ ಕ್ರಮ ಹಳೆಯ ಕಾಲದ ವಧುಪರೀಕ್ಷೆಯನ್ನೂ ಮೀರಿಸುವಂಥದ್ದು. ಹಿಡಿ ಅಂಗೈಯಲ್ಲಿ ಕೂರುತ್ತದೆಯೇ, ಅಲಗು ಹಿಡಿಯ ನೇರಕ್ಕಿದೆಯೇ, ಬೆನ್ನು ಸಪಾಟಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಅಂಗಡಿಯವರು ಎರಡೂ ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದರು. “ಕೆತ್ತೋಕಾ ಸಾರ್, ಬರೀ ನೋಡೋಕಾ?” ಎಂದು ಕೇಳಿಯೇ ಬಿಟ್ಟರು.

ಹೊಸ ಉಳಿ ಹರಿತವಾಗಿರುತ್ತದೆ ಎಂಬುದು ಕೊಳ್ಳುವವರ ನಂಬಿಕೆ. ಕಾರ್ಖಾನೆಯವರು ಸಾಮಾನ್ಯವಾಗಿ ಅಲಗಿಗೆ ಆಕಾರ ಕೊಟ್ಟು ಕಳಿಸುತ್ತಾರೆ, ಹರಿತ ನಮ್ಮ ಪಾಲಿಗೆ. ಬಡಗಿಯ ಉಳಿಯ ಇಳಿಜಾರು ಸುಮಾರು 25 ಡಿಗ್ರಿ. ಮೆದು ಮರ ಕೆತ್ತುವುದಕ್ಕೆ ಇನ್ನೂ ತೆಳು, 20ರ ಆಸುಪಾಸು. ತೀರಾ ತೆಳುವಾದರೆ ಗಟ್ಟಿ ಮರದಲ್ಲಿ ಅಂಚು ಮುಕ್ಕಾಗುತ್ತದೆ. ಸಾಣೆಕಲ್ಲಿನ ಅಂಕಿ ಏರಿದಷ್ಟೂ ಕಲ್ಲು ನಯ. 1000ದ ಕಲ್ಲಿನಲ್ಲಿ ಮಸೆದು, ಇನ್ನೊಂದು ಬದಿಯಲ್ಲಿ ಕೂದಲೆಳೆಯಂಥ ಒರಟು ಎದ್ದಿತೋ ಎಂದು ಬೆರಳಲ್ಲಿ ಸವರಿ, 6000ಕ್ಕೆ ಬಡ್ತಿ ಕೊಟ್ಟು, ಕೊನೆಗೆ ಹಸಿರು ಕ್ರೋಮಿಯಂ ಆಕ್ಸೈಡ್ ಬಳಿದ ಚರ್ಮದ ಮೇಲೆ ಹಿಂದಕ್ಕೆಳೆಯಬೇಕು. ಮುಂದಕ್ಕೆ ತಳ್ಳಿದರೆ ಚರ್ಮ ಎರಡು ತುಂಡು. ಆ ಚರ್ಮ ನನ್ನ ಹಳೆಯ ಬೆಲ್ಟು. ಸೊಂಟದ ಸೇವೆಯಿಂದ ನಿವೃತ್ತಿಯಾದ ಮೇಲೂ ಅದಕ್ಕೆ ಉದ್ಯೋಗ ಸಿಕ್ಕಿತು, ನನಗಿಂತ ಅದೃಷ್ಟವಂತ ಬೆಲ್ಟು.

ಇಷ್ಟೆಲ್ಲ ಯಾಕೆ, ಸೈಕಲ್ಲಿನಲ್ಲಿ ಬರುವ ಸಾಣೆಯವನಿಗೆ ಕೊಡಬಾರದೇ ಎಂದು ಮನೆಯವಳು ಕೇಳಿದಳು. ಒಣಚಕ್ರಕ್ಕೆ ಒತ್ತಿದರೆ ಕಿಡಿ ಚೆಂದ ಹಾರುತ್ತದೆ; ಆದರೆ ಅಂಚು ಕಾದು ನೀಲಿಯಾಯಿತೋ, ಉಕ್ಕಿನ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಇದನ್ನು ವಿವರಿಸುವಷ್ಟರಲ್ಲಿ ಅವಳು ಅಡುಗೆಮನೆ ಸೇರಿದ್ದಳು.

ಹರಿತ ನೋಡಲು ಹಲವು ದಾರಿಗಳಿವೆ. ಅಂಚನ್ನು ಬೆಳಕಿಗೆ ಹಿಡಿದಾಗ ಬಿಳಿಗೆರೆ ಮಿಂಚಿದರೆ ಇನ್ನೂ ಮೊಂಡು, ಏನೂ ಕಾಣದಿದ್ದರೆ ಹರಿತ. ಕಣ್ಣಿಗೆ ಕಾಣದ ಸಾಧನೆಯಲ್ಲಿ ನನಗೆ ನಂಬಿಕೆ ಕಡಿಮೆ. ಹಾಗಾಗಿ ತೋಳಿನ ರೋಮ ಬೋಳಿಸಿ ನೋಡುತ್ತಿದ್ದೆ. ಎಡತೋಳು ನುಣ್ಣಗಾಯಿತು, ಬಲತೋಳು ಹಾಗೆಯೇ ಉಳಿಯಿತು. ಯಾವ ಡಾಕ್ಟರಿಗೆ ತೋರಿಸಿದ್ದೀರಿ ಎಂದು ಪಕ್ಕದ ಮನೆಯವರು ಕಳವಳದಿಂದ ವಿಚಾರಿಸಿದರು. ನಿಜ ತಿಳಿದ ಮೇಲೆ ಅವರೇ ಈಳಿಗೆಮಣೆ ಹೊತ್ತು ತಂದರು. ಹಿಂದೆಯೇ ಬೀದಿಯ ಚಾಕು, ಕತ್ತರಿ, ಕುಡುಗೋಲುಗಳೆಲ್ಲ ಮೆರವಣಿಗೆ ಬಂದವು. ನಮ್ಮ ಬೀದಿಯಲ್ಲಿ ಈಗ ಟೊಮೇಟೊ ಯಾರ ಮನೆಯಲ್ಲೂ ಜಜ್ಜಿಹೋಗುವುದಿಲ್ಲ.

ಒಮ್ಮೆ ಸಾಗರಕ್ಕೆ ಹೋದಾಗ ಉಳಿಗಳನ್ನೂ ಜೊತೆಗೆ ಒಯ್ದೆ. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದಲ್ಲಿ ತಲೆಮಾರುಗಳಿಂದ ಕೆತ್ತುತ್ತ ಬಂದವರು. ಅಲ್ಲಿನ ಹಿರಿಯರೊಬ್ಬರು ಮಾತಿನ ನಡುವೆಯೇ ಉಳಿಯನ್ನು ಕಲ್ಲಿಗೆ ನಾಲ್ಕು ಸಲ ಎಳೆದು, ಮತ್ತೆ ಬಳ್ಳಿಯ ಸುರುಳಿಗೆ ಇಳಿಸುತ್ತಿದ್ದರು. ಡಿಗ್ರಿಯೂ ಇಲ್ಲ, 6000ವೂ ಇಲ್ಲ. ನನ್ನ ಉಳಿಯನ್ನು ಉಗುರಿನ ಮೇಲೆ ಆನಿಸಿ ನೋಡಿದರು. “ಭಾರೀ ಚೆನ್ನಾಗಿ ಮಸೆದಿದ್ದೀರಿ ಮಾರಾಯ್ರೆ. ಇದರಲ್ಲಿ ಏನೇನು ಕೆತ್ತಿದ್ರಿ?”

ತೇಗದ ಮರದಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ ಎಂಬ ವಿಷಯವನ್ನು ನಾನು ತಕ್ಷಣ ಎತ್ತಿಕೊಂಡೆ. ಅವರು ನಕ್ಕು, ಶಿವನೆ ಮರದ ತುಂಡೊಂದನ್ನು ನನ್ನತ್ತ ದಬ್ಬಿದರು. ಎಳೆಗೆ ಅಡ್ಡಲಾಗಿ ಉಳಿ ಓಡಿಸಿದೆ. ಕಡಿದ ಜಾಗ ಹೊಳೆಯಿತು. ಮೊಂಡು ಉಳಿಯಾಗಿದ್ದರೆ ಎಳೆಗಳು ಜಜ್ಜಿ ಬಿಳಿಚಿಕೊಳ್ಳುತ್ತಿದ್ದವು.

ಹೀಗಾಗಿ ಹೊಸಬರಿಗೆ ನನ್ನ ಸಲಹೆ ಇಷ್ಟೇ. ಡಜನ್ ಉಳಿಗಳ ಪೆಟ್ಟಿಗೆಗೆ ಮರುಳಾಗಬೇಡಿ. ಒಂದು ಚಪ್ಪಟೆ ಉಳಿ, ಒಂದು ಗುಂಡುಮೂತಿಯದು, ಎರಡು ಮುಖದ ಒಂದು ಕಲ್ಲು, ಒಂದು ಹಳೆಯ ಬೆಲ್ಟು, ಇಷ್ಟಿದ್ದರೆ ಧಾರಾಳ. ಶಿವನೆಯಂಥ ಮೆದು ಮರದಿಂದ ಶುರುಮಾಡಿ. ಹರಿತವನ್ನು ಮರದ ಮೇಲೇ ಪರೀಕ್ಷಿಸಿ, ತೋಳನ್ನು ಬಿಟ್ಟುಬಿಡಿ.