ಮಣಿಯತ್ತೆಯ ಸಮಾಧಾನಕರ ಬಹುಮಾನಗಳು

ಮಣಿಯತ್ತೆಗೆ ಜನರ ಮುಖ ನೆನಪಿರುವುದಿಲ್ಲ, ಕತ್ತು ನೆನಪಿರುತ್ತದೆ. ಛತ್ರದ ಬಾಗಿಲಲ್ಲಿ ಪನ್ನೀರು ಎರಚಿಸಿಕೊಂಡವರೇ ನೇರ ಮದುಮಗಳ ಹತ್ತಿರ ಹೋಗಿ, ಓದುವ ಕನ್ನಡಕ ಏರಿಸಿ, "ಕತ್ತು ಒಂಚೂರು ಈ ಕಡೆ ತಿರುಗಿಸಮ್ಮ" ಅನ್ನುತ್ತಾರೆ. ಹುಡುಗಿ ಆಶೀರ್ವಾದವಿರಬೇಕೆಂದು ತಲೆ ಬಗ್ಗಿಸುತ್ತಾಳೆ. ಅತ್ತೆ ಸರವನ್ನು ಮಗುಚಿ, ಗಂಟು ಎಲ್ಲಿ ಹಾಕಿದ್ದಾರೆಂದು ಪತ್ತೆ ಮಾಡಿ, "ಹ್ಞೂಂ" ಎಂದು ಊಟದ ಹಾಲಿನತ್ತ ಹೊರಡುತ್ತಾರೆ. ನನ್ನ ಮದುವೆಯಲ್ಲಿ, ಅಕ್ಷತೆ ಇನ್ನೂ ತಲೆಯ ಮೇಲಿರುವಾಗಲೇ, ಕರಿಮಣಿಯಲ್ಲಿ ಕೆಲವು ಕಾಳು ದಪ್ಪಗಿವೆ ಎಂದು ಕಿವಿಯಲ್ಲಿ ಉಸುರಿದವರು ಅವರೇ.

ಇಂಥವರು ಈಗ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಬ್ಯಾಂಕಿನಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರು. ಮಕ್ಕಳು ಸಮುದ್ರದಾಚೆ, ಗಂಡ ಪೇಪರಿನಾಚೆ. ತಾವು ಮಾತ್ರ ಒಂದೆಳೆ ಚಿನ್ನ ಬಿಟ್ಟು ಬೇರೇನೂ ಹಾಕಿಕೊಳ್ಳುವುದಿಲ್ಲ. ಕೇಳಿದರೆ, "ಬೆವರಿಗೆ ಬಣ್ಣ ಹೋಗುತ್ತೆ ಕಣೇ". ಹಾಗಾದರೆ ಹೆಣೆಯುವುದು ಯಾಕೆ? ಸ್ಪರ್ಧೆಗೆ.

ಅತ್ತೆಯ ಊಟದ ಮೇಜಿನ ಮೇಲೆ ಊಟ ನಡೆದು ಎಷ್ಟೋ ಕಾಲವಾಯಿತು. ಅಲ್ಲಿ ಈಗ ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಮಣಿಗಳ ಕಾರುಬಾರು. ಗಾತ್ರ 11. ಈ ಲೋಕದಲ್ಲಿ ನಂಬರು ಏರಿದಷ್ಟೂ ಮಣಿ ಸಣ್ಣದಾಗುತ್ತದೆ. 8ಕ್ಕಿಂತ 11 ಸಣ್ಣದು, 15 ಇನ್ನೂ ಸಣ್ಣದು. ಅತ್ತೆಯ ಕನ್ನಡಕದ ನಂಬರಿಗೆ ಈ ನಿಯಮ ಅನ್ವಯಿಸುವುದಿಲ್ಲ. ದಾರ ಫೈರ್‌ಲೈನ್, ಅಂದರೆ ಮೀನು ಹಿಡಿಯುವವರಿಗೆಂದು ತಯಾರಾದದ್ದು. ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಮನೆಯೊಳಗೆ ಗಾಳದ ದಾರ ಬಂದ ಸಂಗತಿಯನ್ನು ಮಾವ ಇವತ್ತಿನವರೆಗೂ ಅಜ್ಜಿಗೆ ಹೇಳಿಲ್ಲ.

ಡೆಲಿಕಾ ಕಾಳುಗಳೆಲ್ಲ ಒಂದೇ ಅಳತೆ, ಅಚ್ಚಿಟ್ಟ ಕೊಳವೆಗಳು. ಜೆಕ್ ದೇಶದ ಗುಂಡುಮಣಿಗಳಲ್ಲಿ ಆ ಶಿಸ್ತಿಲ್ಲ. ಅವನ್ನು ತಟ್ಟೆಗೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ದಪ್ಪದ್ದು, ಸಪೂರದ್ದು, ತೂತು ಓರೆಯಾದದ್ದು ಎಂದು ಆರಿಸಬೇಕು. ಅಕ್ಕಿಯನ್ನು ಅತ್ತೆ ಈ ಶ್ರದ್ಧೆಯಿಂದ ಎಂದೂ ಆರಿಸಿದವರಲ್ಲ. ಇದಕ್ಕೆ ಮಾವನ ಹಲ್ಲೇ ಸಾಕ್ಷಿ.

ಬಣ್ಣಗಳ ಹೆಸರನ್ನೂ ಅವರು ಬಿಟ್ಟುಬಿಟ್ಟಿದ್ದಾರೆ. ಡೆಲಿಕಾದಲ್ಲಿ ಹೊಳೆಯುವ ಕಪ್ಪಿಗೆ 10, ಹೊಳಪಿಲ್ಲದ ಕಪ್ಪಿಗೆ 310, ಸುಣ್ಣದ ಬಿಳಿಗೆ 200. "ಅವಳ ನಾದಿನಿ ಇದ್ದಾಳಲ್ಲ, 10ಕ್ಕೆ ಕೆಂಪಂಚಿನ ಸೀರೆ ಉಟ್ಟಿದ್ದಳಲ್ಲ, ಅವಳು" ಎಂದು ಗುರುತು ಹೇಳುತ್ತಾರೆ. ಮಾವ ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಕೊಂಡು ಬಚ್ಚಲಿಂದ ಹೊರಬಂದರೆ, ಅತ್ತೆ ಸೂಜಿಯಿಂದ ಕಣ್ಣೆತ್ತಿ "310" ಅನ್ನುತ್ತಾರೆ. ಎರಡು ವಾರ ಕಳೆದರೆ, "ಬೈತಲೆಯಲ್ಲಿ 200 ಬರ್ತಿದೆ ನೋಡ್ರೀ."

ಹೆಣಿಗೆಯ ಹೆಸರು ಪೇಯೋಟಿ. ಇಟ್ಟಿಗೆ ಗೋಡೆಯನ್ನು ಅಡ್ಡ ಮಲಗಿಸಿದಂತೆ ಒಂದು ಸಾಲಿನ ಮಣಿ ಇನ್ನೊಂದರ ಸಂದಿಯಲ್ಲಿ ಕೂರುತ್ತದೆ. ಸಾಲಿನಲ್ಲಿ ಮಣಿಗಳು ಸಮಸಂಖ್ಯೆಯಲ್ಲಿದ್ದರೆ ತುದಿಯಲ್ಲಿ ಸುಮ್ಮನೆ ತಿರುಗಿ ಬರಬಹುದು. ಬೆಸವಾದರೆ ಕೊನೆಯ ಮಣಿಗೆ ಆಸರೆ ಇಲ್ಲ. ಸೂಜಿ ಹಿಂದಿನ ಸಾಲುಗಳೊಳಗೆ ನುಗ್ಗಿ, 8ರ ಆಕಾರದಲ್ಲಿ ಸುತ್ತಿ, ಮತ್ತೆ ಅಂಚಿಗೆ ಬರಬೇಕು. ನಟ್ಟನಡುವೆ ಒಂದು ಹೂವು ಕೂರಬೇಕೆಂದರೆ ಬೆಸವೇ ಬೇಕು. ಅತ್ತೆ ಆ ಸುತ್ತಿನಲ್ಲಿದ್ದಾಗ ಗ್ಯಾಸಿನವನು ಬೆಲ್ ಒತ್ತಿ ಒತ್ತಿ ಸಿಲಿಂಡರ್ ವಾಪಸ್ ಒಯ್ದಿದ್ದಾನೆ, ಅಮೆರಿಕದ ಮಗ ಮೊಮ್ಮಗು ಹುಟ್ಟಿದ ಸುದ್ದಿಯನ್ನು ಮೊದಲು ಬೀಗರಿಗೆ ಹೇಳಬೇಕಾಗಿ ಬಂದಿದೆ.

ಎಲ್ಲಕ್ಕಿಂತ ರೋಚಕವಾದದ್ದು ಮಣಿವಧೆ. ಹತ್ತು ಸಾಲು ಹಿಂದೆ ಒಂದು ಕಾಳು ಹೆಚ್ಚಾಗಿದೆ ಎಂದು ಗೊತ್ತಾದರೆ, ಬಿಚ್ಚುವ ಬದಲು ಆ ಒಂದನ್ನು ಇಕ್ಕಳದಲ್ಲಿ ಹಿಡಿದು ಪುಡಿ ಮಾಡಬಹುದು. ಅಪಾಯ ಎರಡು: ಚೂರು ದಾರವನ್ನು ಕತ್ತರಿಸಬಹುದು, ಇಲ್ಲವೇ ಕಣ್ಣಿಗೆ ಸಿಡಿಯಬಹುದು. ದಾರಕ್ಕೆ ಅತ್ತೆ ರಾಯರಿಗೆ ಹರಕೆ ಹೊರುತ್ತಾರೆ. ಕಣ್ಣಿಗೆ ಮಾವನ ಸ್ಕೂಟರಿನ ಹೆಲ್ಮೆಟ್. ಮಧ್ಯಾಹ್ನದ ಹೊತ್ತು ನಡುಮನೆಯಲ್ಲಿ ಹೆಲ್ಮೆಟ್ ಧರಿಸಿ, ಗಾಜು ಇಳಿಸಿ, ಇಕ್ಕಳ ಹಿಡಿದು ಕೂತ ಹೆಂಗಸನ್ನು ಕಂಡ ಕೊರಿಯರ್ ಹುಡುಗ ಅಂದಿನಿಂದ ಪಾರ್ಸೆಲ್ಲನ್ನು ಗೇಟಿನ ಮೇಲಿಂದಲೇ ಎಸೆಯುತ್ತಾನೆ.

ಇನ್ನು ಸ್ಪರ್ಧೆ. ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಅತ್ತೆ ನಲವತ್ತು ಗ್ರಾಂ ಮಣಿಯ ಕಂಠಹಾರ ಹೆಣೆದಿದ್ದರು. ಗ್ರಾಂಗೆ ಸುಮಾರು 200 ಕಾಳು, ಗುಣಿಸಿಕೊಳ್ಳಿ. ಎಲ್ಲವನ್ನೂ "ಕರಕುಶಲ" ಎಂಬ ಒಂದೇ ಟೇಬಲ್ಲಿಗೆ ಹಾಕಿದ್ದರಿಂದ ಎದುರಾಳಿಯಾಗಿ ಬಂದದ್ದು ಕಲ್ಲಂಗಡಿಯಲ್ಲಿ ಕೆತ್ತಿದ ಹಂಸ. ತೀರ್ಪುಗಾರರು ಒಬ್ಬ ದಂತವೈದ್ಯರು. ಹಾರವನ್ನು ಅಂಗೈಯಲ್ಲಿ ತೂಗಿ, "ಪ್ಲಾಸ್ಟಿಕ್ಕಾ?" ಎಂದು ಕೇಳಿ ಕೆಳಗಿಟ್ಟರು. ಹಂಸಕ್ಕೆ ಮೊದಲ ಬಹುಮಾನ. ಸಂಜೆಗೆ ಅದನ್ನು ಹೋಳು ಮಾಡಿ ಎಲ್ಲರಿಗೂ ಹಂಚಿದರು. "ನನ್ನನ್ನು ಸೋಲಿಸಿದ್ದನ್ನು ನಾನೇ ತಿಂದು ಬಂದೆ, ಸಪ್ಪೆ ಇತ್ತು" ಎಂದರು ಅತ್ತೆ.

ಆದರೆ ಅವರಿಗೆ ಸಿಕ್ಕ ಸಮಾಧಾನಕರ ಬಹುಮಾನ ಹದಿನೆಂಟು ಖಾನೆಗಳ ಪ್ಲಾಸ್ಟಿಕ್ ಡಬ್ಬಿ. ಮಣಿ ತುಂಬಿಡಲು ಹೇಳಿ ಮಾಡಿಸಿದಂತಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲವಂತೆ. ಅಂದಿನಿಂದ ಮೊದಲ ಬಹುಮಾನದ ಸ್ಟೀಲ್ ಕುಕ್ಕರ್ ಎಲ್ಲಿ ಬಂದುಬಿಡುತ್ತದೋ ಎಂಬ ಆತಂಕದಲ್ಲೇ ಸ್ಪರ್ಧಿಸುತ್ತಾರೆ.

ವಿದೇಶದ ಸ್ಪರ್ಧೆಗಳ ಮೇಲೂ ಕಣ್ಣಿದೆ. 2012ರಲ್ಲಿ ಶುರುವಾದ ಬ್ಯಾಟಲ್ ಆಫ್ ದ ಬೀಡ್‌ಸ್ಮಿತ್‌ನಲ್ಲಿ ಇಬ್ಬಿಬ್ಬರ ಒಡವೆಗಳನ್ನು ಎದುರುಬದುರು ನಿಲ್ಲಿಸಿ ಮತ ಹಾಕಿಸುತ್ತಾರೆ. ಮಾವನಿಗೆ ಐಪಿಎಲ್ ಇದ್ದರೆ ಅತ್ತೆಗೆ ಇದು. 2021ರಲ್ಲಿ ಆಸ್ಟ್ರಿಯಾದ ಸ್ವರೋವ್‌ಸ್ಕಿ ಕಂಪನಿ ಹವ್ಯಾಸಿಗಳಿಗೆ ಬಿಡಿ ಹರಳು ಮಾರುವುದನ್ನು ನಿಲ್ಲಿಸಿದಾಗ ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲದೆ ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಅತ್ತೆ ಬ್ಯಾಂಕಿಗೆ ಹೋಗಿ, ಲಾಕರಿನಲ್ಲಿದ್ದ ಬಳೆಗಳನ್ನು ಮನೆಗೆ ತಂದು, ಉಳಿದಿದ್ದ ಹರಳುಗಳನ್ನು ಒಳಗಿಟ್ಟು ಬಂದರು. ಬಳೆ ಈಗ ರವೆ ಡಬ್ಬಿಯಲ್ಲಿದೆ.

ಈ ಸಲದ ಸ್ಪರ್ಧೆಯ ವಿಷಯ "ಪರಂಪರೆ". ವಿನ್ಯಾಸ ಸ್ವಂತದ್ದಾಗಿರಬೇಕು ಎಂಬುದು ಕಟ್ಟುನಿಟ್ಟಿನ ಷರತ್ತು. ಯಾರಾದರೂ ಕದ್ದಾರೆಂದು ಅತ್ತೆ ಕಿಟಕಿ ಪರದೆ ಎಳೆದುಕೊಂಡು ರೈಟ್ ಆ್ಯಂಗಲ್ ವೀವ್ ಹೆಣೆದರು: ನಾಲ್ಕು ಮಣಿಗೆ ಒಂದು ಚೌಕ, ಪಕ್ಕದ ಚೌಕಕ್ಕೆ ನಡುವಿನ ಮಣಿ ಪಾಲು. ಮುಗಿದ ಮೇಲೆ, ತೊಂಬತ್ತರ ಹತ್ತಿರವಿರುವ ಅಜ್ಜಿಗೆ ಮಾತ್ರ ತೋರಿಸಿದರು. ಕಣ್ಣು ಕಾಣದವರು ಕದಿಯಲಾರರಲ್ಲ.

ಅಜ್ಜಿ ಬೆರಳಾಡಿಸಿ ನೋಡಿ, "ಇದು ನಮ್ಮ ಗಿಣಿ ಹೊಟ್ಟೆ ಅಲ್ವೇನೇ?" ಎಂದರು.

ಷೋಕೇಸಿನಲ್ಲಿ ಅಜ್ಜಿಯ ಗಿಣಿ ಎಮರ್ಜೆನ್ಸಿ ಕಾಲದಿಂದ ಕೂತಿದೆ: ಪ್ಲಾಸ್ಟಿಕ್ ಮಣಿ, ನೈಲಾನ್ ದಾರ, ಒಳಗೆ ಹತ್ತಿ. ಅತ್ತೆ ಅದನ್ನು ಇಳಿಸಿ ದೀಪದ ಕೆಳಗೆ ಹಿಡಿದರು. ನಾಲ್ಕು ಮಣಿಗೆ ಒಂದು ಚೌಕ, ನಡುವಿನದು ಪಾಲು. ಎರಡು ಸೂಜಿಯಲ್ಲಿ ಮಾಡಿದರೆ ಗಿಣಿ, ಒಂದರಲ್ಲಿ ಮಾಡಿದರೆ ರೈಟ್ ಆ್ಯಂಗಲ್ ವೀವ್.

"ಇದು ಎಷ್ಟನೇ ನಂಬರಿನ ಹಸಿರಮ್ಮ?"

"ಗಿಣಿ ಹಸಿರು ಕಣೇ. ನಂಬರು ಯಾಕೆ, ಅದೇನು ಬಸ್ಸಾ?"

ಪ್ರವೇಶ ಅರ್ಜಿಯ "ಸ್ಫೂರ್ತಿ" ಎಂಬ ಖಾನೆಯಲ್ಲಿ ಅತ್ತೆ, ಎಲ್ಲರಂತೆ, "ಹೊಯ್ಸಳ ಶಿಲ್ಪ" ಎಂದು ಬರೆದಿಟ್ಟಿದ್ದರು. ಅದರ ಮೇಲೆ ಗೆರೆ ಎಳೆದು "ಪಕ್ಷಿಸಂಕುಲ" ಎಂದು ತಿದ್ದಿದರು.